ಕೆಳಸೇತುವೆಯಲ್ಲಿ ಹಿಡಿದ ಮೀನುಗಳು

ಮೀನು ಹಿಡಿಯುವವರು ಸುಳ್ಳು ಹೇಳುತ್ತಾರೆ. ಇದೇನು ಹೊಸ ಮಾತಲ್ಲ. ಗೇಣುದ್ದದ ಮೀನನ್ನು ಮೊಳ ಮಾಡುತ್ತಾರೆ. ಅದು ಬಿಡಿ, ಅದಕ್ಕೆ ಸುಳ್ಳು ಅಂತ ಹೆಸರಿಡುವುದೂ ದಂಡ. ಆದರೆ ಅದೇ ಮನುಷ್ಯನನ್ನು "ಎಲ್ಲಿ ಹಿಡಿದೆಯಪ್ಪಾ?" ಅಂತ ಕೇಳಿ ನೋಡಿ. ಮೂಡಣಕ್ಕೆ ಹೋಗಿ ಬಂದವನು ಪಡುವಣಕ್ಕೆ ಕೈ ತೋರಿಸುತ್ತಾನೆ, ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಅದರಲ್ಲೂ ಟ್ರೌಟ್ ಹಿಡಿಯುವವರಿದ್ದಾರಲ್ಲ, ಅವರು ಹೆತ್ತ ತಾಯಿ ಕೇಳಿದರೂ ಬಾಯಿ ಬಿಡುವುದಿಲ್ಲ. ಟ್ರೌಟ್ ಬಹಳ ನಖರಾ ಮಾಡುವ ಮೀನು. ನೀರು ತಣ್ಣಗಿರಬೇಕು, ಹರಿಯುತ್ತಲೇ ಇರಬೇಕು, ಮರದ ನೆರಳು ಇರಬೇಕು, ಮನುಷ್ಯನ ನೆರಳು ಮಾತ್ರ ಬೀಳಬಾರದು. ಇಷ್ಟೆಲ್ಲ ಕೂಡಿ ಬರುವ ಜಾಗ ಇಡೀ ಕಾಡಿಗೆ ಒಂದೋ ಎರಡೋ. ಸಿಕ್ಕಿದವನು ತೆಪ್ಪಗಿರುತ್ತಾನೆ.

ನಮ್ಮ ಮೇಸ್ತ್ರಿಗೆ ಅಂಥದೊಂದು ಜಾಗ ಸಿಕ್ಕಿ ಇಪ್ಪತ್ತಾರು ವರ್ಷವಾಗಿತ್ತು.

ಮೇಸ್ತ್ರಿ ಅಂದರೆ ಬಸ್ ಡಿಪೋದ ಹಿರಿಯ ಮೆಕ್ಯಾನಿಕ್. ಮೂವತ್ತೊಂದು ವರ್ಷ ಬಸ್ಸಿನ ಕೆಳಗೆ ಅಂಗಾತ ಮಲಗಿ, ಜಗತ್ತನ್ನು ಕೆಳಗಿನಿಂದಲೇ ನೋಡಿದ ಮನುಷ್ಯ. ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಎಡಗಾಲಿನ ಮಂಡಿ ಮೆಟ್ಟಿಲು ಕಂಡರೆ ಸಾಕು, ಕಟ್ ಅನ್ನುತ್ತಿತ್ತು. ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು. ಇಷ್ಟು ತಳ್ಳಿದರೆ ಆಯಿತು ಅಂತ ಬೆಳಿಗ್ಗೆ ಎದ್ದು ಹೇಳಿಕೊಳ್ಳುತ್ತಿದ್ದ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಹೇಳಿಕೊಳ್ಳುತ್ತಿದ್ದ, ಸಂಜೆಯ ಹೊತ್ತಿಗೆ ಹೇಳಿಕೊಳ್ಳಲೂ ತ್ರಾಣ ಇರುತ್ತಿರಲಿಲ್ಲ.

ಆ ಜಾಗ ಅವನಿಗೆ ಸಿಕ್ಕಿದ್ದೂ ಒಂದು ಕೆಟ್ಟು ನಿಂತ ಬಸ್ಸಿನಿಂದಲೇ. ಬೇಸಿಗೆ, ಕಾಡಿನ ರಸ್ತೆ, ಇಂಜಿನ್ ಕುದ್ದು ಬುಸುಗುಟ್ಟುತ್ತಿತ್ತು. ರೇಡಿಯೇಟರಿಗೆ ನೀರು ತರೋಣ ಅಂತ ಕ್ಯಾನು ಹಿಡಿದು ಇಳಿದ. ರಸ್ತೆ ಬದಿಯ ಹಳ್ಳ ಒಣಗಿತ್ತು. ಎಲ್ಲೋ ದೂರದಲ್ಲಿ ನೀರಿನ ಸದ್ದು ಕೇಳಿಸಿದ ಹಾಗಾಗಿ, ಅದರ ಜಾಡು ಹಿಡಿದು ಹತ್ತಿದ. ಉರುಳಿ ಬಿದ್ದ ದೊಡ್ಡ ಪೈನ್ ಮರವೊಂದನ್ನು ದಾಟಿ, ಕೆಂಪು ಜೇಡಿಯ ದಿಬ್ಬದಿಂದ ಕುಂಡೆಯ ಮೇಲೆ ಜಾರಿ ಕೆಳಗೆ ಬಿದ್ದರೆ, ಎದುರಿಗೆ ಮಡು. ನಾಲ್ಕು ಬಸ್ಸು ಒತ್ತಟ್ಟಿಗೆ ನಿಲ್ಲಿಸುವಷ್ಟು ಅಗಲ. ಕ್ಯಾನು ಮುಳುಗಿಸಿದ್ದೇ ತಡ, ಚಾಚಿದ ಕಲ್ಲಿನ ಅಡಿಯಿಂದ ಚುಕ್ಕಿ ಚುಕ್ಕಿ ಮೈಯ ಮೀನೊಂದು ಹೊರಬಂದು, ಇವನನ್ನು ನೋಡಿ, ಮತ್ತೆ ಒಳಗೆ ಹೋಯಿತು. ಅದರ ಹಿಂದೆ ಇನ್ನೆರಡು. ಅತ್ತ ಬಸ್ಸಿನಲ್ಲಿ ನಲವತ್ತು ಜನ ಶಾಪ ಹಾಕುತ್ತ ಕೂತಿದ್ದರೆ ಇತ್ತ ಈ ಪುಣ್ಯಾತ್ಮ ಮುಕ್ಕಾಲು ಗಂಟೆ ಮಂಡಿಯೂರಿ ನೀರು ನೋಡುತ್ತಿದ್ದ. ವಾಪಸ್ಸು ಬಂದು, "ಹತ್ತಿರದಲ್ಲಿ ಒಂದು ಹನಿ ನೀರಿಲ್ಲ, ಎರಡು ಮೈಲಿ ಕೆಳಗಿಳಿದು ತಂದೆ" ಅಂದ. ಆ ಮಡುವಿನ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಆಮೇಲೆ ಅದೊಂದು ವ್ರತವೇ ಆಯಿತು. ಭಾನುವಾರ ಬೆಳಕು ಹರಿಯುತ್ತಿದ್ದಂತೆ ಗಾಳದ ಕೋಲು, ಎರೆಹುಳದ ಡಬ್ಬಿ, ಎರಡು ಬ್ರೆಡ್ಡು. ಒಂದು ವಾರ ಹೋದ ಕಡೆಯಿಂದ ಇನ್ನೊಂದು ವಾರ ಹೋಗುತ್ತಿರಲಿಲ್ಲ, ಹುಲ್ಲು ಮಲಗಿ ದಾರಿ ಬಿದ್ದುಬಿಟ್ಟೀತು ಅಂತ. ಬರುವಾಗ ಸುತ್ತು ಹಾಕಿ ಕೆಳಸೇತುವೆಗೆ ಇಳಿದು, ಬೂಟಿನ ಕೆಂಪು ಮಣ್ಣು ತೊಳೆದು, ಅಲ್ಲಿನ ಕಪ್ಪು ಕೆಸರು ಮೆತ್ತಿಕೊಂಡು ಬರುತ್ತಿದ್ದ. ಕೆಳಸೇತುವೆ ಅಂದರೆ ಕಾಡಿನ ಅಂಚಿನಲ್ಲಿರುವ ಹಳೇ ಸೇತುವೆ. ಅಲ್ಲಿ ಮಂಡಿಯುದ್ದ ಬಿಸಿನೀರು, ಅದರಲ್ಲಿ ನಾಲ್ಕು ಹರಿದ ಚಪ್ಪಲಿ. ಮೀನು ಅಲ್ಲಿಗೆ ದಾರಿ ತಪ್ಪಿಯೂ ಬರುವುದಿಲ್ಲ.

ಕಾಡಿನ ಗೇಟಿನ ಪಕ್ಕದಲ್ಲಿ ಇಲಾಖೆಯವರದೊಂದು ಮರದ ಪೆಟ್ಟಿಗೆ. ಮೀನಿನ ಲೈಸೆನ್ಸ್ ಇದ್ದವರು ಹೊರಗೆ ಬರುವಾಗ ಚೀಟಿ ಬರೆದು ಅದರೊಳಗೆ ಹಾಕಬೇಕು. ಯಾವ ತೊರೆ, ಎಷ್ಟು ಮೀನು, ಎಷ್ಟುದ್ದ. ತೊರೆಗಳಿಗೆಲ್ಲ ನಂಬರು ಕೊಟ್ಟಿದ್ದರು, ಮೇಸ್ತ್ರಿಯ ಮಡು ಇದ್ದದ್ದು ಏಳನೇ ತೊರೆಯಲ್ಲಿ. ಆದರೆ ಪೆಟ್ಟಿಗೆಗೆ ಬೀಗ ಇಲ್ಲ, ಯಾರು ಬೇಕಾದರೂ ಬಗ್ಗಿ ನೋಡಬಹುದು. ಬಗ್ಗಿ ನೋಡುವವರು ಇದ್ದರು ಕೂಡ. ಹಾಗಾಗಿ ಮೇಸ್ತ್ರಿ ತನ್ನ ಗುಂಡು ಅಕ್ಷರದಲ್ಲಿ, ಇಪ್ಪತ್ತಾರು ವರ್ಷ, ಒಂದು ವಾರವೂ ತಪ್ಪದೆ ಬರೆದದ್ದು ಒಂದೇ: ಕೆಳಸೇತುವೆ.

ಹೆಂಡತಿಗೂ ಹೇಳಿರಲಿಲ್ಲ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ದಿನಕ್ಕೆ ಎಂಟು ತಾಸು ನಿಂತೇ ಇರಬೇಕು, ಸಂಜೆ ಮನೆಗೆ ಬಂದರೆ ಪಾದ ಚಪ್ಪಲಿಯಿಂದ ಹೊರಗೆ ಉಬ್ಬಿರುತ್ತಿತ್ತು. ಮದುವೆಯ ಹೊಸತರಲ್ಲಿ, "ರೀ, ಒಂದು ಭಾನುವಾರ ನನ್ನೂ ಕರ್ಕೊಂಡು ಹೋಗ್ರೀ" ಅಂತ ಕೇಳುತ್ತಿದ್ದಳು.

"ಒಬ್ಬ ನಡೆದ್ರೆ ಹೆಜ್ಜೆ ಕಣೇ, ಇಬ್ಬರು ನಡೆದ್ರೆ ದಾರಿ" ಅಂದುಬಿಟ್ಟಿದ್ದ ಮೇಸ್ತ್ರಿ. "ರಿಟೈರ್ ಆಗ್ಲಿ. ಆಮೇಲೆ ನಿನಗೆ ತೋರಿಸ್ದೆ ಇನ್ಯಾರಿಗೆ ತೋರಿಸ್ಲಿ?"

ಅವಳು ಕೇಳುವುದು ಬಿಟ್ಟಳು. ಭಾನುವಾರ ಅವನು ಕಾಡಿಗೆ, ಅವಳು ವಾರದ ಬಟ್ಟೆಗೆ. ಅವನ ಪ್ಯಾಂಟಿನ ಅಂಚಿನ ಕೆಂಪು ಮಣ್ಣು ಉಜ್ಜುವಾಗ ಮಾತ್ರ, ಇದ್ಯಾವ ಊರಿನ ಮಣ್ಣೋ ಏನೋ ಅಂತ ಗೊಣಗುತ್ತಿದ್ದಳು. ಬೂಟಿಗೆ ತಲೆ ಓಡಿಸಿದವನು ಪ್ಯಾಂಟು ಮರೆತಿದ್ದ ನೋಡಿ.

ಹೀಗಿರುವಾಗ ಒಂದು ಭಾನುವಾರ ಮೇಸ್ತ್ರಿ ಕಾಡು ಹತ್ತುತ್ತಿದ್ದಾನೆ, ಪೈನ್ ಮರಗಳ ಎದೆಗೆ ಕೆಂಪು ಬಣ್ಣದ ಗುರುತು. ಒಂದಕ್ಕೆ ಇತ್ತು, ಎರಡಕ್ಕೆ ಇತ್ತು, ಸಾಲಾಗಿ ಹೋಗಿತ್ತು. ಮಂಡಿ ನೋವು ಮರೆತು ಬಿದ್ದ ಮರ ದಾಟಿ ನೋಡಿದರೆ, ಮಡುವಿನ ದಡದಲ್ಲಿ, ಅವನು ಕೂರುತ್ತಿದ್ದ ಜಾಗದಲ್ಲೇ, ಒಂದು ಗೂಟ ಹೊಡೆದು ನಂಬರು ಬರೆದಿದ್ದರು. ಆ ದಿನ ಅವನು ಗಾಳ ಬಿಚ್ಚಲೇ ಇಲ್ಲ. ಬ್ರೆಡ್ಡು ಚೀಲದಲ್ಲೇ ವಾಪಸ್ಸು ಬಂತು.

ಸೋಮವಾರ ಅರ್ಧ ದಿನ ರಜೆ ಹಾಕಿ ಅರಣ್ಯ ಕಚೇರಿಗೆ ಹೋದ. ಅಲ್ಲಿ ಮೂರು ಮೇಜು, ಒಬ್ಬಳೇ ಆಫೀಸರು. ಚಿಕ್ಕ ವಯಸ್ಸಿನವಳು, ಮೂಗು ನೆಗಡಿಯಿಂದ ಟೊಮೇಟೊ ಆಗಿತ್ತು. ಉಳಿದೆರಡು ಮೇಜಿನವರ ಕೆಲಸವೂ ಅವಳ ತಲೆಗೇ ಬಿದ್ದಿದೆ ಅನ್ನುವುದು ಅವಳ ಕಣ್ಣು ನೋಡಿದರೇ ತಿಳಿಯುತ್ತಿತ್ತು.

"ಮರದ ಲಾರಿಗಳಿಗೆ ರಸ್ತೆ, ಯಜಮಾನ್ರೇ" ಅಂದಳು. "ಏಳನೇ ತೊರೆ ಮುಚ್ಚಿ, ಪೈಪು ಹಾಕಿ, ಮೇಲೆ ರಸ್ತೆ. ನೋಟಿಸು ಹಚ್ಚಿ ತಿಂಗಳಾಯ್ತು. ತಕರಾರಿದ್ರೆ ಶುಕ್ರವಾರ ಐದು ಗಂಟೆ ಒಳಗೆ ಬರೆದುಕೊಡಿ."

"ಅಲ್ಲಿ ಟ್ರೌಟ್ ಇದೆ, ಮೇಡಂ."

ಅವಳು ತಲೆಯೆತ್ತಿದಳು. "ಟ್ರೌಟ್ ಇದ್ರೆ ರಸ್ತೆ ಸುತ್ತಿ ಹೋಗ್ಬೇಕು, ಕಾನೂನು ಹಾಗೇ ಇದೆ. ಅದಕ್ಕೇ ಮೊದಲು ಚೀಟಿ ನೋಡ್ತೀವಿ." ಎದ್ದು ಹೋಗಿ ಕಪಾಟಿನಿಂದ ರಟ್ಟಿನ ಡಬ್ಬಗಳನ್ನು ಇಳಿಸಿದಳು. ಏಳು ಅಂತ ಬರೆದ ಡಬ್ಬ ತೆಗೆದು ಬೋರಲು ಹಾಕಿದಳು. ಒಂದು ಸತ್ತ ಜಿರಲೆ ಬಿತ್ತು. "ಇಷ್ಟು ವರ್ಷದಲ್ಲಿ ಒಂದು ಚೀಟಿ ಇಲ್ಲ. ನಮ್ಮ ಕಾಡಲ್ಲಿ ಟ್ರೌಟ್ ಇರೋದು ಒಂದೇ ಕಡೆ. ಕೆಳಸೇತುವೆ."

ಮೇಸ್ತ್ರಿ ಕುರ್ಚಿಯ ಕೈ ಹಿಡಿದುಕೊಂಡ.

"ಕೆಳಸೇತುವೆಗೆ ನಾವು ಬೇಲಿ ಹಾಕ್ಸಿದ್ದೀವಿ, ಬೋರ್ಡು ಹಾಕ್ಸಿದ್ದೀವಿ. ಐದು ವರ್ಷದಿಂದ ಪ್ರತಿ ವರ್ಷ ಎರಡು ಸಾವಿರ ಮರಿ ತಂದು ಬಿಡ್ತೀನಿ. ವಾರದಲ್ಲಿ ಎಲ್ಲಾ ಸತ್ತು ತೇಲ್ತಾವೆ. ಆದ್ರೂ ವಾರ ವಾರ ಅಲ್ಲಿ ಯಾರೋ ಮೀನು ಹಿಡೀತಾನೇ ಇದ್ದಾರೆ! ಇದ್ಯಾವ ಮಾಯೆ ಅಂತ ನಾನು ತಲೆ ಕೆಡಿಸ್ಕೊಂಡಿದ್ದೀನಿ." ತುಂಬಿ ತುಳುಕುವ ಇನ್ನೊಂದು ಡಬ್ಬದಿಂದ ಒಂದು ಹಿಡಿ ಚೀಟಿ ತೆಗೆದು ಮೇಜಿನ ಮೇಲೆ ಹರಡಿದಳು. ಮೇಸ್ತ್ರಿಯ ಕಣ್ಣಿಗೆ ಬಿದ್ದದ್ದು ತನ್ನದೇ ಗುಂಡು ಅಕ್ಷರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಗೆ ಅಷ್ಟೂ ವ್ಯವಧಾನ ಆಗಲಿಲ್ಲ, ಸೀದಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳಿಗೆ ಅರ್ಥವಾಯಿತು. ಬೈಯುತ್ತಾಳೆ ಅಂದುಕೊಂಡ, ಬೈಯಲಿಲ್ಲ. ಬೈಯುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಸೀನಿ, ಮೂಗು ಒರೆಸಿಕೊಂಡು, ಕುರ್ಚಿಗೆ ಒರಗಿದಳು.

"ಎರಡು ಸಾವಿರ ಮರಿ, ಯಜಮಾನ್ರೇ. ಐದು ಸಲ."

"ತಪ್ಪಾಯ್ತು, ತಾಯಿ. ಈಗ ಬನ್ನಿ, ಕರ್ಕೊಂಡು ಹೋಗಿ ಕಣ್ಣಾರೆ ತೋರಿಸ್ತೀನಿ."

"ನಾನು ನೋಡಿದ್ರೆ ನಡೆಯಲ್ಲ. ಹತ್ತು ವರ್ಷದ ಚೀಟಿ ಬೇಕು, ಅದೂ ಇಬ್ಬರು ಲೈಸೆನ್ಸ್‌ದಾರರದ್ದು. ಹಳೇ ಚೀಟಿ ತಿದ್ದಬಹುದು. ಆ ಇಬ್ಬರೂ ಇಲ್ಲಿಗೆ ಬಂದು, ನಾವು ಬರೆದದ್ದೆಲ್ಲ ಸುಳ್ಳು, ಮೀನು ಹಿಡಿದದ್ದು ಏಳನೇ ತೊರೇಲಿ ಅಂತ ಬರೆದು ಸೈನ್ ಹಾಕ್ಬೇಕು." ಹರಡಿದ ಚೀಟಿಗಳನ್ನು ಮತ್ತೆ ಡಬ್ಬಕ್ಕೆ ತುಂಬಿದಳು. "ಸುಳ್ಳು ಚೀಟಿ ಬರೆದವರ ಲೈಸೆನ್ಸ್ ಮಾತ್ರ ಹೋಗುತ್ತೆ. ಖಾಯಂ ಆಗಿ. ಅದನ್ನ ನಾನು ತಪ್ಪಿಸಕ್ಕಾಗಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಮಡು ಹೋಗುತ್ತದೆ. ಬಾಯಿ ಬಿಟ್ಟರೆ ಮಡು ಉಳಿಯುತ್ತದೆ, ಇವನು ಅದಕ್ಕೆ ಗಾಳ ಹಾಕುವ ಹಾಗಿಲ್ಲ. ಬಾಯಿ ಬಿಡೋಣ ಅಂದರೂ ಎರಡನೆಯವನು ಎಲ್ಲಿದ್ದಾನೆ? ಆ ಜಾಗ ಇನ್ನೊಬ್ಬ ನರಪಿಳ್ಳೆಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದೇ ತನ್ನ ಜನ್ಮದ ಸಾಧನೆ ಅಂತ ಬೀಗಿದವನಲ್ಲವೇ? ಮಾಡಿದ್ದುಣ್ಣೋ ಮಹರಾಯ.

ಸಂಜೆ ಹೆಂಡತಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಮೇಸ್ತ್ರಿ ಎದುರಿಗೆ ಕೂತು, ಒಂದೂ ಬಿಡದೆ ಹೇಳಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಮಡುವಿನ ಬಗ್ಗೆ ಅವನ ಬಾಯಿಂದ ನಿಜ ಬಂದಿತ್ತು, ಅದೂ ತೊದಲುತ್ತ. ಅವಳು ಕಾಲು ಎತ್ತಿ ಟವೆಲಿನಿಂದ ಒರೆಸಿಕೊಂಡಳು.

"ಅಂದ್ರೆ ಆ ಕೆಂಪು ಮಣ್ಣು ಅಲ್ಲೀದು."

"ಹೂಂ."

"ರಿಟೈರ್ ಆದ್ಮೇಲೆ ತೋರಿಸ್ತೀನಿ ಅಂದಿದ್ರಿ. ಲಾರಿ ಓಡಾಡೋ ರಸ್ತೆ ತೋರಿಸ್ತೀರಾ?" ಕೋಪದಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಅನ್ನಕ್ಕೆ ಉಪ್ಪು ಕಡಿಮೆ ಆಗಿದೆ ಅಂದ ಹಾಗೆ ಹೇಳಿ ಎದ್ದಳು. ಬಕೆಟ್ಟಿನ ನೀರು ಚೆಲ್ಲಿ ಬಂದು, "ಲೈಸೆನ್ಸ್ ಹೋದ್ರೆ ಭಾನುವಾರ ಏನ್ ಮಾಡ್ತೀರಿ?" ಅಂತ ಕೇಳಿದಳು. ಅವನು ಅವಳ ಕೈಯಿಂದ ಬಕೆಟ್ಟು ಇಸಕೊಂಡು ಮೂಲೆಗಿಟ್ಟ. ನಾಚಿಕೆಯಾಯಿತು.

ಮಂಗಳವಾರ ಕಳೆಯಿತು. ಬುಧವಾರ ಡಿಪೋದಿಂದ ಬರುವಾಗ ಕಾಲು ತಾನಾಗಿಯೇ ಕತ್ತರಿಯ ಅಂಗಡಿಗೆ ತಿರುಗಿತು. ಕತ್ತರಿ ಅಂದರೆ ಕಟಿಂಗ್ ಶಾಪಿನವನು, ಮೇಸ್ತ್ರಿಯ ಮೂವತ್ತು ವರ್ಷದ ಗೆಳೆಯ. ಅವನೂ ಟ್ರೌಟಿನ ಹುಚ್ಚ. ಅಂಗಡಿಗೆ ಮಂಗಳವಾರ ರಜೆ, ಅಂದು ಅವನು ಗಾಳ ಹಿಡಿದು ಮಾಯ. ಗೇಟಿನ ಪೆಟ್ಟಿಗೆಗೆ ಬಗ್ಗಿ ನೋಡುವವರಲ್ಲಿ ಅವನೇ ಮೊದಲಿಗ ಅಂತ ಮೇಸ್ತ್ರಿಗೆ ಮೊದಲಿನಿಂದಲೂ ಗುಮಾನಿ. ಇಬ್ಬರೂ ಸೇರಿದರೆ ಒಬ್ಬರಿಗೊಬ್ಬರು ಹೇಳಿಕೊಂಡ ಸುಳ್ಳಿಗೆ ಲೆಕ್ಕವೇ ಇಲ್ಲ. ಹಾಗಂತ ಸ್ನೇಹಕ್ಕೆ ಕುಂದೇನೂ ಬಂದಿರಲಿಲ್ಲ.

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಕತ್ತರಿ ನಿಂತು ನಿಂತು ಸೊಂಟ ಹಿಡಿದು, ತಾನೇ ಗಿರಾಕಿಯ ಕುರ್ಚಿಯಲ್ಲಿ ಕುಸಿದಿದ್ದ. ಮೇಸ್ತ್ರಿಯನ್ನು ನೋಡಿ ಎದ್ದು, ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿದ. ಕನ್ನಡಿಯಲ್ಲಿ ಇಬ್ಬರ ಮುಖವೂ ಹಿಂಡಿದ ನಿಂಬೆಹಣ್ಣಿನ ಹಾಗಿತ್ತು.

"ನಿನಗೊಂದು ನಿಜ ಹೇಳ್ಬೇಕು ಕಣೋ" ಅಂದ ಮೇಸ್ತ್ರಿ.

"ನಿನ್ನ ಬಾಯಲ್ಲಿ ನಿಜಾನಾ? ತಡಿ, ಬಾಗಿಲು ಹಾಕ್ತೀನಿ, ಯಾರಾದ್ರೂ ಕೇಳಿ ಬಿದ್ದುಗಿದ್ದಾರು."

"ತಮಾಷೆ ಅಲ್ಲ. ನಾನು ಕೆಳಸೇತುವೇಲಿ ಒಂದು ಮೀನೂ ಹಿಡಿದಿಲ್ಲ. ನನಗೊಂದು ಮಡು ಇದೆ. ಏಳನೇ ತೊರೆ ಗುಂಟ ಮೇಲೆ ಹತ್ತಿದ್ರೆ ಒಂದು ದೊಡ್ಡ ಪೈನ್ ಮರ ಬಿದ್ದಿದೆ. ಅದರಾಚೆ ಕೆಂಪು ದಿಬ್ಬ. ದಿಬ್ಬ ಇಳಿದ್ರೆ..."

"ಚಾಚಿದ ಕಲ್ಲು" ಅಂದ ಕತ್ತರಿ. ಬಾಚಣಿಗೆ ಗಾಳಿಯಲ್ಲೇ ನಿಂತಿತ್ತು. "ಅದರಡಿ ಕೈ ಹಾಕಿದ್ರೆ ಐಸು. ಬಲಗಡೆ ಮೂಲೇಲಿ ಒಂದು ಮುದಿ ಮೀನಿದೆ, ಬಾಲ ಹರಿದಿದೆ, ಏನು ಮಾಡಿದ್ರೂ ಗಾಳ ಕಚ್ಚಲ್ಲ."

ಮೇಸ್ತ್ರಿ ಕುರ್ಚಿಯಲ್ಲೇ ಗಿರಕ್ಕನೆ ತಿರುಗಿದ. "ಲೇ!"

"ಹತ್ತೊಂಬತ್ತು ವರ್ಷದಿಂದ ಪ್ರತಿ ಮಂಗಳವಾರ ಹೋಗ್ತಿದ್ದೀನಿ."

"ನನ್ನ ಹಿಂದೆ ಬಂದೆಯಾ, ಕಳ್ಳ?"

"ಹಿಂದೆ ಯಾಕಯ್ಯ ಬರ್ಲಿ? ನೀನೇ ತಿಂಗಳಿಗೊಂದ್ಸಲ ಬಂದು ಈ ಕುರ್ಚೀಲಿ ಕೂರ್ತಿದ್ದೆ. ಬೂಟು ತೊಳೀತಿದ್ದೆ ಸರಿ, ಕಿವಿ ಹಿಂದೆ ತೊಳೀತಿದ್ದೆಯಾ? ಆ ದಿಬ್ಬ ಜಾರೋವಾಗ ಕೈಯೂರಿ, ಅದೇ ಕೈಯಲ್ಲಿ ಕಿವಿ ಕೆರ್ಕೊಳ್ಳೋದು ನಿನ್ನ ಚಾಳಿ. ಕೆಂಪು ಜೇಡಿ! ಕೂದಲು ಬಾಚಿದ್ರೆ ಪೈನ್ ಎಲೆ ಉದುರ್ತಿತ್ತು. ಈ ಕಾಡಲ್ಲಿ ಕೆಂಪು ಜೇಡೀನೂ ಪೈನ್ ಮರಾನೂ ಒಟ್ಟಿಗಿರೋದು ಎಲ್ಲಿ ಅಂತ ಹುಡುಕಿದೆ. ಎರಡು ವರ್ಷ ಹಿಡೀತು ನೋಡು."

ಇವನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವವನು. ಇನ್ನೊಂದು ದಿನವಾಗಿದ್ದರೆ ಮೇಸ್ತ್ರಿ ಬಟ್ಟೆ ಕಿತ್ತೆಸೆದು, ಜನ್ಮದಲ್ಲಿ ನಿನ್ನ ಮುಖ ನೋಡಲ್ಲ ಅಂತ ಎದ್ದು ಹೋಗುತ್ತಿದ್ದ. ಈಗ ಮಾತ್ರ ಅವನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಎರಡನೆಯವನು ಸಿಕ್ಕಿದ್ದ.

"ಚೀಟೀಲಿ ಏನಂತ ಬರೀತಿದ್ದೆ?" ಅಂತ ಕೇಳಿದ.

"ಇನ್ನೇನು ಬರೀಲಿ? ನೀನು ಬರೆದದ್ದು ನೋಡ್ಕೊಂಡು ನಾನೂ ಕೆಳಸೇತುವೆ ಅಂತಲೇ ಬರೀತಿದ್ದೆ."

ಇಬ್ಬರೂ ನಕ್ಕರು. ಆಮೇಲೆ ಮೇಸ್ತ್ರಿ ಗೂಟದ ವಿಷಯ, ರಸ್ತೆಯ ವಿಷಯ, ಸೈನಿನ ವಿಷಯ ಹೇಳಿದ. ಲೈಸೆನ್ಸಿನ ಮಾತು ಬಂದಾಗ ಕತ್ತರಿಯ ನಗು ನಿಂತಿತು. ಗೂಟವನ್ನು ಅವನೂ ನಿನ್ನೆ ನೋಡಿ ಬಂದಿದ್ದನಂತೆ. ರಾತ್ರಿ ಊಟ ಸೇರಿರಲಿಲ್ಲವಂತೆ.

"ನನ್ನ ಕೈಲಾಗಲ್ಲ ಕಣೋ" ಅಂದ. "ವಾರದಲ್ಲಿ ಆರು ದಿನ ಬೇರೆಯವರ ತಲೆ ನೋಡ್ತಾ ಬದುಕ್ತೀನಿ. ಒಬ್ಬರೂ ಬಾಯಿ ಮುಚ್ಚಲ್ಲ. ಆ ಒಂದು ದಿನ ಯಾರೂ ಮಾತಾಡಲ್ಲ ಅಂತ ಉಳಿದಿದ್ದೀನಿ. ಮಡು ಹೋದ್ರೆ ಇನ್ನೊಂದು ಹುಡುಕ್ತೀನಿ. ಲೈಸೆನ್ಸ್ ಹೋದ್ರೆ ಏನು ಹುಡುಕ್ಲಿ?"

"ನಿನಗೆ ಈಗ ಐವತ್ತೆಂಟು. ಇನ್ನೊಂದು ಹುಡುಕೋಕೆ ಎಷ್ಟು ವರ್ಷ ಬೇಕು?"

ಕತ್ತರಿ ಬಾಚಣಿಗೆಯ ಕೂದಲು ಬಿಡಿಸತೊಡಗಿದ. ಮೇಸ್ತ್ರಿ ಒತ್ತಾಯ ಮಾಡಲಿಲ್ಲ, ಮಾಡುವ ಮುಖವೂ ಅವನಿಗಿರಲಿಲ್ಲ. ಕುತ್ತಿಗೆಯ ಬಟ್ಟೆಯನ್ನು ತಾನೇ ಬಿಚ್ಚಿ ಕೊಡವಿ, ಮಡಿಸಿ, ಕುರ್ಚಿಯ ಕೈ ಮೇಲೆ ಇಟ್ಟು ಹೊರಟ.

ಶುಕ್ರವಾರ ನಾಲ್ಕು ಗಂಟೆಗೆ ಕಚೇರಿಯಲ್ಲಿ ಕೂತು ಬರೆದ. ನಾನು ಇಪ್ಪತ್ತಾರು ವರ್ಷ ಬರೆದ ಚೀಟಿಗಳೆಲ್ಲ ಸುಳ್ಳು. ಆ ಮೀನುಗಳನ್ನು ಹಿಡಿದದ್ದು ಏಳನೇ ತೊರೆಯ ಮಡುವಿನಲ್ಲಿ. ಇಷ್ಟೇ ಎರಡು ಸಾಲು, ಬರೆದು ಮುಗಿಸಲು ಕಾಲು ಗಂಟೆ ಹಿಡಿಯಿತು. ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟ. ಫೋಟೋದಲ್ಲಿದ್ದವನಿಗೆ ಇನ್ನೂ ತಲೆ ತುಂಬ ಕೂದಲಿತ್ತು.

"ಇನ್ನೊಬ್ಬರು?" ಅಂದಳು ಆಫೀಸರಮ್ಮ.

"ಬರ್ತಾನೆ" ಅಂದ ಮೇಸ್ತ್ರಿ. ಅದೂ ಸುಳ್ಳೇ, ಬರುತ್ತಾನೆ ಅನ್ನುವ ನಂಬಿಕೆ ಅವನಿಗೆ ಕಿಂಚಿತ್ತೂ ಇರಲಿಲ್ಲ.

ನಾಲ್ಕೂವರೆಯಾಯಿತು. ಅವಳು ಎರಡು ಲೋಟ ಚಹಾ ತಂದು ಒಂದನ್ನು ಇವನ ಮುಂದಿಟ್ಟಳು. ನಾಲ್ಕೂ ಮುಕ್ಕಾಲಾಯಿತು. ಅವಳು ಕಪಾಟಿಗೆ ಬೀಗ ಹಾಕಿದಳು. ಗೋಡೆಯ ಗಡಿಯಾರ ನೋಡಿ ನೋಡಿ ಮೇಸ್ತ್ರಿಯ ಕತ್ತು ನೋಯುತ್ತಿತ್ತು. ಮೂವತ್ತೊಂದು ವರ್ಷ ಬಸ್ಸಿನ ಕೆಳಗೆ ಮಲಗಿದರೂ ಇಷ್ಟು ದಣಿವಾಗಿರಲಿಲ್ಲ ಅನ್ನಿಸಿತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಬಾಗಿಲು ದಢಾರನೆ ತೆರೆಯಿತು. ಕತ್ತರಿ ನಿಂತಿದ್ದ. ಜೇಬಲ್ಲಿ ಬಾಚಣಿಗೆ, ತೋಳಿನ ತುಂಬ ಯಾರದ್ದೋ ಕೂದಲು, ಏದುಸಿರು.

"ಎಲ್ಲಿ ಸೈನ್ ಹಾಕ್ಬೇಕು? ಬೇಗ ಹೇಳಿ. ಅರ್ಧ ಕಟಿಂಗ್ ಮಾಡಿದ ತಲೇನ ಕುರ್ಚೀಲೇ ಬಿಟ್ಟು ಬಂದಿದ್ದೀನಿ."

ಸೈನ್ ಹಾಕಿದ. ಲೈಸೆನ್ಸನ್ನು ಮೇಸ್ತ್ರಿಯ ಲೈಸೆನ್ಸಿನ ಪಕ್ಕಕ್ಕೆ ತಳ್ಳಿದ. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದರೆ, "ನೀನು ಮಾತಾಡ್ಬೇಡ" ಅಂದ. "ಆ ಹರಿದ ಬಾಲದ ಮುದಿಯನಿಗೋಸ್ಕರ ಮಾಡಿದ್ದು, ನಿನಗೋಸ್ಕರ ಅಲ್ಲ." ಬಂದ ಹಾಗೇ ಓಡಿದ. ಅವನ ಕಣ್ಣು ಒದ್ದೆಯಾಗಿದ್ದನ್ನು ಮೇಸ್ತ್ರಿ ನೋಡಿದ, ನೋಡದ ಹಾಗೆ ಚಹಾ ಕುಡಿದ.

ರಸ್ತೆ ಮಡುವನ್ನು ಬಿಟ್ಟು ಆಚೆಯಿಂದ ಸುತ್ತಿ ಹೋಯಿತು. ಗೂಟ ಕಿತ್ತರು. ಕೆಳಸೇತುವೆಯ ಬೋರ್ಡನ್ನೇ ಬಿಚ್ಚಿ, ಹೆಸರಿಗೆ ಬಣ್ಣ ಬಳಿದು, ತಂದು ಏಳನೇ ತೊರೆಗೆ ನೆಟ್ಟರು. ಇಲ್ಲಿ ಟ್ರೌಟ್ ಮೊಟ್ಟೆ ಇಡುತ್ತದೆ, ಯಾರೂ ಗಾಳ ಹಾಕಬಾರದು ಅಂತ. ಮೂರು ತಿಂಗಳೂ ಹೇಗೋ ಕಳೆಯಿತು. ಡಿಪೋದವರು ಮೇಸ್ತ್ರಿಗೆ ಒಂದು ಹಾರ ಹಾಕಿ, ಒಂದು ಗಡಿಯಾರ ಕೊಟ್ಟು ಕಳಿಸಿದರು.

ಮರುದಿನ ಭಾನುವಾರ. "ಏಳೇ, ಹೋಗೋಣ" ಅಂದ ಮೇಸ್ತ್ರಿ.

"ಬಟ್ಟೆ ಯಾರು ನಿಮ್ಮಪ್ಪ ಒಗೀತಾನಾ?" ಅಂದಳು ಹೆಂಡತಿ. ಬಟ್ಟೆಯ ಗಂಟನ್ನು ಅವನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ. ಅವಳು ಗೊಣಗುತ್ತಲೇ ಹೊರಟಳು. ದಾರಿಯುದ್ದಕ್ಕೂ ಗೊಣಗಿದಳು. ಇದೇನು ದಾರಿಯೋ ಏಣಿಯೋ, ಈ ಕಾಲಿಟ್ಟುಕೊಂಡು ಬರೋ ಹುಚ್ಚು ನನಗ್ಯಾಕೆ ಬೇಕಿತ್ತು, ನಾಳೆ ಡ್ಯೂಟಿಗೆ ನೀವು ನಿಲ್ತೀರಾ. ಬಿದ್ದ ಮರದ ಹತ್ತಿರ ಅವನು ಅವಳ ಕೈ ಹಿಡಿದು ದಾಟಿಸಿದ. ಅವನ ಮಂಡಿ ಕಟ್ ಅಂದಿತು, ಅವಳ ಸೊಂಟವೂ ಏನೋ ಅಂದಿತು. ದಿಬ್ಬದಲ್ಲಿ ಇಬ್ಬರೂ ಕೂತು ಜಾರಿದರು, ಅವಳ ಸೀರೆಗೆ ಕೆಂಪು ಮಣ್ಣು ಹತ್ತಿತು.

ಮಡು ಇದ್ದ ಹಾಗೇ ಇತ್ತು. ಅವಳು ಆ ಕಡೆ ಈ ಕಡೆ ನೋಡಿದಳು.

"ಇಷ್ಟೇನಾ?"

ಮೇಸ್ತ್ರಿಯ ಮುಖ ಸಪ್ಪಗಾಯಿತು. "ಇಷ್ಟೇ" ಅಂದ.

ಅವಳು ಚಪ್ಪಲಿ ಬಿಟ್ಟು, ದಡದಲ್ಲಿ ಅವನು ಕೂರುತ್ತಿದ್ದ ಜಾಗದಲ್ಲೇ ಕೂತು, ಉಬ್ಬಿದ ಪಾದ ನೀರಿಗಿಟ್ಟಳು. "ಉಸ್ಸಪ್ಪಾ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಸೆರಗು ಮಡಿಸಿ ತಲೆಗಿಟ್ಟುಕೊಂಡು ಹಿಂದಕ್ಕೆ ಒರಗಿದಳು. ಒಂದು ನಿಮಿಷ, ಬೆನ್ನು ನೆಟ್ಟಗೆ ಮಾಡ್ಕೊಳ್ತೀನಿ ಅಂದವಳು, ಮಾತು ಮುಗಿಯುವ ಮೊದಲೇ ನಿದ್ದೆ ಹೋದಳು.

ಅಂಥ ನಿದ್ದೆಯನ್ನು ಮೇಸ್ತ್ರಿ ಅವಳ ಮುಖದಲ್ಲಿ ನೋಡಿರಲೇ ಇಲ್ಲ. ಮನೆಯಲ್ಲಿ ಅವಳು ಮಲಗಿದರೂ ಹುಬ್ಬು ಗಂಟಿಕ್ಕಿರುತ್ತಿತ್ತು, ಕುಕ್ಕರಿಗೋ ಅಲಾರಮ್ಮಿಗೋ ಕಿವಿ ಕೊಟ್ಟಿರುತ್ತಿದ್ದಳು. ಇಲ್ಲಿ ಬಾಯಿ ಸ್ವಲ್ಪ ತೆರೆದು, ಕೈ ಕಾಲು ಚೆಲ್ಲಿ, ಮಗುವಿನ ಹಾಗೆ ಮಲಗಿದ್ದಳು. ಅವನು ಪಕ್ಕದಲ್ಲಿ ಕೂತು ನೋಡಿದ. ಇಪ್ಪತ್ತಾರು ವರ್ಷ, ಪ್ರತಿ ಭಾನುವಾರ, ತಾನು ಇಲ್ಲಿಗೆ ಬಂದು ಮೈ ಹಗುರ ಮಾಡಿಕೊಂಡು ಹೋಗುತ್ತಿದ್ದ, ಅವಳು ಅಲ್ಲಿ ತನ್ನ ಪ್ಯಾಂಟು ಉಜ್ಜುತ್ತಿದ್ದಳು. ಕತ್ತರಿಗೆ ಸಿಗದಿರಲಿ ಅಂತ, ಊರಿಗೆ ಸಿಗದಿರಲಿ ಅಂತ ಬಚ್ಚಿಟ್ಟದ್ದು ಅವಳಿಗೂ ಸಿಗದೇ ಹೋಗಿತ್ತು. ಬರೀ ಮೀನು ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದನಲ್ಲ, ಎಂಥ ದಡ್ಡ!

ಚಾಚಿದ ಕಲ್ಲಿನಡಿಯಿಂದ ಹರಿದ ಬಾಲದ ಮುದಿ ಮೀನು ಹೊರಬಂತು. ಅವಳ ಪಾದದ ಹತ್ತಿರಕ್ಕೇ ಬಂದು, ಹೆಬ್ಬೆರಳು ನೋಡಿ, ನಿಂತಿತು. ಮೇಸ್ತ್ರಿಯ ಬಲಗೈ ಅಭ್ಯಾಸಬಲದಿಂದ ಕೋಲಿಗಾಗಿ ತಡಕಿತು, ಹುಲ್ಲು ಸಿಕ್ಕಿತು. ಅವನು ಕೋಟು ಬಿಚ್ಚಿ ಅವಳಿಗೆ ಹೊದಿಸಿದ. ನೆರಳು ಮಡುವಿನ ಈ ದಡದಿಂದ ಆ ದಡಕ್ಕೆ ಹೋಯಿತು. ಬ್ರೆಡ್ಡು ತಿನ್ನುವುದೂ ಮರೆತಿತ್ತು.

ಅವಳು ಗಾಬರಿಯಿಂದ ಕಣ್ಣು ಬಿಟ್ಟಳು. "ಅಯ್ಯೋ! ಎಷ್ಟು ಹೊತ್ತು ಮಲಗಿಬಿಟ್ಟೆ ನಾನು?"

ಮೇಸ್ತ್ರಿ ಡಿಪೋದವರು ಕೊಟ್ಟ ಹೊಸ ಗಡಿಯಾರ ನೋಡಿಕೊಂಡ. ಅವಳು ಮಲಗಿ ಮೂರು ಗಂಟೆ ಹತ್ತು ನಿಮಿಷ ಆಗಿತ್ತು.

"ಈಗ ತಾನೇ ಕಣೇ. ಐದು ನಿಮಿಷಾನೂ ಆಗಿಲ್ಲ" ಅಂದ, ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ.

ಅವಳು ತಲೆಯೆತ್ತಿ ಆಚೆ ದಡದ ನೆರಳು ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಕೋಟನ್ನು ಕತ್ತಿನವರೆಗೆ ಎಳೆದುಕೊಂಡು, ಮಗ್ಗುಲು ಬದಲಿಸಿ, ಮತ್ತೆ ಕಣ್ಣು ಮುಚ್ಚಿದಳು.